ಕರಿ ಐದಕ್ಕೆ ಕಟ್ಟಿದ ಪೇಟಿ

ಒದ್ದೆ ಬೆಡ್‌ಶೀಟಿನ ಒಂದು ತುದಿ ಪ್ರತಿಭಾಳ ಕೈಯಲ್ಲಿತ್ತು, ಇನ್ನೊಂದು ತುದಿ ಮನೆ ಓನರ್ ಮುನಿಕೃಷ್ಣಮ್ಮನ ಕೈಯಲ್ಲಿ. ತಾರಸಿಯ ಮೇಲೆ ಇಬ್ಬರೂ ಎದುರೆದುರು ನಿಂತು ಹಿಂಡುತ್ತಿದ್ದರು.

"ಇನ್ನೂ ಒಸಿ ತಿರುವಮ್ಮಣ್ಣಿ! ಆಡ್ ಯೋಳಕ್ ಮಾತ್ರ ಅಲ್ಲ, ಬಟ್ಟೆ ಇಂಡಕ್ಕೂ ಸಕ್ತಿ ಬೇಕು."

ಪ್ರತಿಭಾ ನಗುತ್ತಾ ಇನ್ನೊಂದು ಸುತ್ತು ತಿರುಚಿದಳು. ಅಷ್ಟರಲ್ಲಿ ಕೆಳಗೆ ಗಲ್ಲಿಯಲ್ಲಿ ಸ್ಕೂಟರ್ ಸದ್ದು ಕೇಳಿಸಿತು. ಯಲಹಂಕದ ಆ ಗಲ್ಲಿಯಲ್ಲಿ ಎಷ್ಟು ಸ್ಕೂಟರ್ ಓಡಾಡಿದರೂ ಆ ಒಂದು ಸದ್ದು ಅವಳಿಗೆ ಬೇರೆಯಾಗಿಯೇ ಕೇಳುತ್ತಿತ್ತು.

"ಬಂದ್ರು ನೋಡು ನಿಮ್ ಪೇಟಿ ಮೇಷ್ಟ್ರು," ಎಂದು ಮುನಿಕೃಷ್ಣಮ್ಮ ಹುಬ್ಬು ಹಾರಿಸಿದಳು.

ಪ್ರತಿಭಾ ಬಗ್ಗಿ ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಶರಣು ಒಬ್ಬನೇ ಬಂದಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು. ಚಿಕ್ಕ ವಯಸ್ಸು, ಹಸಿರು ದುಪಟ್ಟಾ. ಅವಳ ತೊಡೆಯ ಮೇಲೆ... ಪೇಟಿ! ಪ್ರತಿಭಾ ತನ್ನ ಕೈಯಾರೆ ಹೊಲಿದುಕೊಟ್ಟ ಕೆಂಪು ಗವಸಿನ ಹಾರ್ಮೋನಿಯಂ! ಮಗುವನ್ನು ಹಿಡಿದ ಹಾಗೆ ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದಿದ್ದಳು.

ಬೆಡ್‌ಶೀಟಿನ ತುದಿ ಕೈಯಿಂದ ಜಾರಿತು.

"ಅಯ್ಯೋ, ಬುಟ್ಬುಟ್ಯಲ್ಲಮ್ಮಾ! ಒಗ್ದಿದ್ದೆಲ್ಲಾ ಮಣ್ಣಾಯ್ತು." ಮುನಿಕೃಷ್ಣಮ್ಮನೂ ಬಗ್ಗಿ ನೋಡಿದಳು. "ಯಾರು ಆ ಉಡ್ಗಿ? ಸಂದಾಕವ್ಳೆ!"

ಚೆಂದ ಇರಲಿ ಬಿಡಲಿ... ಆ ಪೇಟಿ ಅವಳ ತೊಡೆಯ ಮೇಲೆ ಯಾಕೆ?

ಪ್ರತಿಭಾಳ ಎದೆ ಯಾಕೆ ಹೀಗೆ ಹೊತ್ತಿಕೊಂಡಿತು ಎಂದು ತಿಳಿಯಬೇಕಾದರೆ ಆ ಪೇಟಿಯ ಸಂಗತಿ ತಿಳಿಯಬೇಕು.

ಗದಗದ ಹತ್ತಿರದ ಹಳ್ಳಿಯಿಂದ ಪ್ರತಿಭಾ ಲಂಗ ತೊಡುವ ವಯಸ್ಸಿನಲ್ಲೇ ನಿಂಗವ್ವ ಎಂಬ ದೊಡ್ಡ ಗಾಯಕಿಯ ಮನೆ ಸೇರಿದವಳು. ನೀರು ತಂದಳು, ರೊಟ್ಟಿ ಬಡಿದಳು, ಗುರುವಿನ ಕಾಲೊತ್ತಿದಳು. ಇದೆಲ್ಲದರ ನಡುವೆ ಸಂಗೀತ ಕಲಿತಳು. ನಿಂಗವ್ವ ಹಾಡುತ್ತಿದ್ದುದು ಕರಿ ಐದರಲ್ಲಿ. ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಪಟ್ಟಿಯೇ ಅವಳ ಷಡ್ಜ. ಹೆಂಗಸರಿಗೆ ಅದು ಎತ್ತರದ ಸ್ವರ, ಎಲ್ಲರಿಗೂ ದಕ್ಕುವುದಿಲ್ಲ. ಸಾಯುವ ಮುಂಚೆ ನಿಂಗವ್ವ ಶಿಷ್ಯೆಯ ಕೈಹಿಡಿದು, "ಹೊಲ ಮನಿ ಇಲ್ಲವ್ವಾ ನನ್ನ ಹಂತ್ಯಾಕ. ಕರಿ ಐದು ಕೊಟ್ಟು ಹೊಂಟೀನಿ. ಬಿಡಬ್ಯಾಡ," ಎಂದಿದ್ದಳು.

ಪ್ರತಿಭಾ ಬಿಡಲಿಲ್ಲ. ಬೆಂಗಳೂರಿಗೆ ಬಂದಳು. ಆರ್.ಟಿ. ನಗರದಲ್ಲಿ, ಯಲಹಂಕದಲ್ಲಿ ಮಕ್ಕಳಿಗೆ ಪಾಠ ಹೇಳಿದಳು, ರೇಡಿಯೋದಲ್ಲಿ ಹಾಡಿದಳು. ಮದುವೆಯ ಮಾತು ಬಂದಾಗಲೆಲ್ಲ ರಿಯಾಜ಼್ ಇದೆ, ಕಛೇರಿ ಇದೆ ಎಂದು ತಳ್ಳಿದಳು. ಹಾಗೆ ತಳ್ಳುತ್ತಾ ನಲವತ್ತು ದಾಟಿತ್ತು.

ಶರಣು ವಿಜಯಪುರದ ಕಡೆಯವನು. ಹೆಬ್ಬಾಳದ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟ್ರು. ಅವನಿಗೂ ಮದುವೆಯಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ಪ್ರತಿಭಾಳ ಎಡಗಡೆ ಕೂತು ಪೇಟಿ ಸಾಥ್ ಕೊಡುತ್ತಿದ್ದ.

ಒಂದು ದಿನ ಅವನು ಯಾರೂ ಮಾಡದ ಕೆಲಸ ಮಾಡಿದ್ದ. ತನ್ನ ಪೇಟಿಯನ್ನು ಕರಿ ಐದು ಒಂದಕ್ಕೇ ಕಟ್ಟಿಸಿಬಿಟ್ಟ. ಹಾಗೆ ಕಟ್ಟಿಸಿದರೆ ಆ ಒಂದು ಷಡ್ಜಕ್ಕೆ ಪ್ರತಿ ಸ್ವರವೂ ಜೇನಿನ ಹಾಗೆ ಕೂಡುತ್ತದೆ. ಆದರೆ ಬೇರೆ ಪಟ್ಟಿಯಲ್ಲಿ ಹಾಡುವವರಿಗೆ ಆ ಪೇಟಿ ಬರುವುದೇ ಇಲ್ಲ, ಅಪಸ್ವರ ನುಡಿಯುತ್ತದೆ.

ಊರಿನ ಹಾಡುಗಾರರಿಗೆಲ್ಲ ಅದು ಅರ್ಥವಾಯಿತು. ಬೇರೆಯವರು ಅವನನ್ನು ಕರೆಯುವುದು ಬಿಟ್ಟರು. 'ಶರಣು ಪೇಟಿ ಕಟ್ಟಿಸಿಲ್ಲ ಕಣ್ರೀ, ತಾಳಿ ಕಟ್ಟಿದಾರೆ,' ಎಂದು ನಕ್ಕರು. ಪ್ರತಿಭಾ ಸಿಟ್ಟು ಬಂದವಳ ಹಾಗೆ ಮುಖ ಮಾಡಿದಳು. ಒಳಗೊಳಗೇ ಆ ಮಾತನ್ನು ಕಲ್ಲುಸಕ್ಕರೆಯ ಹಾಗೆ ಚಪ್ಪರಿಸಿದಳು.

ಅವನು ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಪೇಟಿಯೇ ಹೇಳಿದೆಯಲ್ಲ, ಇನ್ನೇನು ಹೇಳಬೇಕು?

ಈಗ ಆ ಪೇಟಿ ಹಸಿರು ದುಪಟ್ಟಾದ ತೊಡೆಯ ಮೇಲೆ!

ಪ್ರತಿಭಾ ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವರಿಬ್ಬರೂ ಬಾಗಿಲಲ್ಲಿದ್ದರು.

"ಇವರು ತರನ್ನುಮ್ ಅಂತ ರೀ," ಎಂದ ಶರಣು. ಯಾಕೋ ಅವನ ಕಣ್ಣು ಅವಳ ಕಣ್ಣನ್ನು ತಪ್ಪಿಸುತ್ತಿತ್ತು. "ಯಶವಂತಪುರದಾಗ ಖಾದರ್ ಬಾಷಾ ಅವರ ಪೇಟಿ ರಿಪೇರಿ ಅಂಗಡಿ ಅದಲ್ಲ, ಅವರ ಮಗಳು."

"ನಮಸ್ಕಾರ ಮೇಡಂ! ಅಬ್ಬು ನಿಮ್ ಫ್ಯಾನು. ರೇಡಿಯೋದಲ್ಲಿ ನೀವು ಬಂದ್ರೆ ಅಂಗ್ಡೀಲಿ ಯಾರೂ ಉಸ್ರು ಬಿಡೋ ಹಂಗಿಲ್ಲ. ನಿಮ್ಮನ್ನ ಎದುರಿಗೆ ಕೂತ್ಕೊಂಡು ಕೇಳ್ಬೇಕು ಅಂತ ಬಂದೆ."

"ಕುಂದ್ರವ್ವಾ," ಎಂದಳು ಪ್ರತಿಭಾ. ಬಾಯಿಗೆ ಬಂದದ್ದು ಅಷ್ಟೇ. ಒಳಗೆ ಹೋಗಿ ಚಹಾಕ್ಕೆ ಹಾಲಿಟ್ಟು ಬಂದಳು.

ಶರಣು ಗವಸು ಬಿಚ್ಚಿದ, ಷಡ್ಜ ಒತ್ತಿದ.

ಅವಳ ಬೆನ್ನು ನೆಟ್ಟಗಾಯಿತು. ಅದು ಅವಳ ಷಡ್ಜವಲ್ಲ! ಕೈ ತಪ್ಪಿರಬೇಕು ಎಂದುಕೊಂಡಳು. ಅವನು ಗಾಂಧಾರ ಒತ್ತಿದ, ಪಂಚಮ ಒತ್ತಿದ. ಕೈ ತಪ್ಪಿರಲಿಲ್ಲ. ಪೇಟಿಯೇ ಬೇರೆಯಾಗಿತ್ತು.

"ಇದು..."

"ಸ್ವರ ಬದಲು ಮಾಡಿಸೀನಿ," ಎಂದ ಶರಣು, ತಲೆ ಎತ್ತದೆ. "ಕರಿ ನಾಲ್ಕಕ್ಕ. ಇನ್ನೂ ಪೂರಾ ಆಗಿಲ್ಲ. ನೀವು ಒಂದ ಸಲ ಇದರಾಗ ಹಾಡಿ ನೋಡಿದ್ರ..."

"ನಂದು ಕರಿ ಐದು. ಮರ್ತೀರೇನು?"

"ಮರ್ತಿಲ್ಲ ರೀ..."

"ಮತ್ತ ಕರಿ ನಾಲ್ಕರಾಗ ಹಾಡವ್ರು ಯಾರು?"

ಶರಣು ಬಾಯಿ ತೆರೆಯುವ ಮೊದಲೇ ಪಾಪ ಆ ಹುಡುಗಿಯೇ ಉತ್ಸಾಹದಿಂದ ಹೇಳಿದಳು.

"ನಾನು ಹಾಡ್ತೀನಿ ಮೇಡಂ! ಕರಿ ನಾಲ್ಕು ನಂದೇ!"

ಪ್ರತಿಭಾಳ ಕಿವಿಯೊಳಗೆ ಗುಂಯ್ ಎಂದಿತು.

'ಓಹೋ... ನಂದೇ!'

"ಹಂಗಾದ್ರ ನೀನ ಹಾಡವ್ವಾ. ನಾವು ಕೇಳ್ತೀವಿ."

"ಅಯ್ಯೋ, ನಿಮ್ಮ ಮುಂದೆ ನಾನಾ?" ಎನ್ನುತ್ತಲೇ ತರನ್ನುಮ್ ಕಾಲು ಮಡಿಚಿ ಕುಳಿತು ಭೂಪಾಲಿ ರಾಗದ ನಾಲ್ಕು ಸ್ವರ ಎತ್ತಿದಳು. ಕೊಡದಿಂದ ನೀರು ಬಗ್ಗಿಸಿದ ಹಾಗೆ ತಡೆಯಿಲ್ಲದೆ ಬಂತು ದನಿ. ಮೇಲಿನ ಷಡ್ಜಕ್ಕೆ ಹೋಗಿ ಹಕ್ಕಿಯ ಹಾಗೆ ಕೂತಿತು.

ಪ್ರತಿಭಾ ಅದನ್ನು ಸಹಿಸಬಲ್ಲವಳಾಗಿದ್ದಳು. ಸಹಿಸಲಾಗದ್ದು ಇನ್ನೊಂದಿತ್ತು. ಪೇಟಿ ಒತ್ತುತ್ತಿದ್ದ ಶರಣು ಕಣ್ಣು ಮುಚ್ಚಿಕೊಂಡು, ತಲೆಯನ್ನು ತುಸು ಓರೆ ಮಾಡಿ, ಗಾಂಧಾರ ಬಂದಾಗಲೆಲ್ಲ ಉಸಿರು ಹಿಡಿದು ಕೇಳುತ್ತಿದ್ದ. ಅವನು ಹಾಗೆ ಕೇಳುವುದು ತನ್ನೊಬ್ಬಳನ್ನೇ ಎಂದು ಅವಳು ತಿಳಿದಿದ್ದಳು.

"ತಲಿ ನೋಯಾಕತ್ತೈತಿ," ಎಂದು ಎದ್ದುಬಿಟ್ಟಳು. "ಇವತ್ತ ರಿಯಾಜ಼್ ಬ್ಯಾಡ. ನೀವು ಹೋಗಿ ಬರ್ರಿ ಸರ."

"ಪ್ರತಿಭಾ ಅವರ, ಒಂದ ನಿಮಿಷ ನನ್ನ ಮಾತ..."

"ಪೇಟಿ ಜ್ವಾಕಿ. ಹೆಂಗೂ ಹಿಡಕೊಳ್ಳಾಕ ಮಂದಿ ಅದಾರಲ್ಲ."

ಬಾಗಿಲು ಮುಚ್ಚಿಕೊಂಡಿತು. ಚಹಾಕ್ಕೆಂದು ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಹರಿದು ಒಲೆ ಆರಿಹೋಗಿದ್ದು ಅವಳಿಗೆ ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ.

ಹೊಟ್ಟೆಕಿಚ್ಚು ಎನ್ನುವುದು ಬಂದವರ ಹಾಗೆ ಬಂದು ಹೋಗುವುದಿಲ್ಲ. ಮನೆಯವರ ಹಾಗೆ ಉಳಿದುಬಿಡುತ್ತದೆ. ಪ್ರತಿಭಾಳ ಜೊತೆಗೇ ಎದ್ದಿತು, ಜೊತೆಗೇ ಉಂಡಿತು.

ಮೊಬೈಲಿನಲ್ಲಿ ತರನ್ನುಮ್ ಹಾಡಿದ ವಿಡಿಯೋ ಹುಡುಕಿದಳು. ಸಿಕ್ಕಿತು. ಅಂಗಡಿಯಲ್ಲಿ ಕೂತು ಹಾಡಿದ್ದಳು. ಪೇಟಿ ನುಡಿಸುವವರ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ. ಕಿರುಬೆರಳು ತುಸು ಎತ್ತಿ ನುಡಿಸುವ ಆ ಕೈ! ಅದರ ಗುರುತಿಗೆ ಮುಖ ಬೇಕೇ?

ಮತ್ತೆ ಹಾಕಿದಳು, ಇನ್ನೊಮ್ಮೆ ಹಾಕಿದಳು. ತಪ್ಪು ಹುಡುಕುತ್ತಾ ಕೇಳಿದಳು. ತಾಳ ಸರಿಯಿತ್ತು. ಉಸಿರು ಸರಿಯಿತ್ತು. ಕೊನೆಗೆ ಸಿಕ್ಕಿತು! ಗಾಂಧಾರ ಒಂದು ಕೂದಲೆಳೆ ಮೇಲಿತ್ತು.

"ಹಾಂ! ಗಾಂಧಾರ ಇಡಾಕ ಬರೂದಿಲ್ಲ ಈಕಿಗೆ!" ಎಂದು ಖಾಲಿ ಮನೆಯಲ್ಲಿ ಗಟ್ಟಿಯಾಗಿ ಹೇಳಿದಳು. ಹೇಳಿದ ಮೇಲೆ ನಾಚಿಕೆಯಾಯಿತು. ಆದರೂ ಮನಸ್ಸಿಗೆ ಹಾಯೆನಿಸಿತು.

ತನ್ನ ರಿಯಾಜ಼್‌ಗೆ ಕುಳಿತಳು. ಕರಿ ಐದರಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ದನಿ ಹಳೆಯ ಬಟ್ಟೆಯ ಹಾಗೆ ಪರ್ರೆಂದು ಹರಿಯಿತು. ಇತ್ತೀಚೆಗೆ ಹೀಗೆಯೇ ಆಗುತ್ತಿತ್ತು. ಹೆಬ್ಬಾಳದ ಧೂಳು ಎಂದುಕೊಂಡಿದ್ದಳು, ನೆಗಡಿ ಎಂದುಕೊಂಡಿದ್ದಳು. ಜ್ಯೇಷ್ಠಮಧು ಅಗಿದಳು, ಬಿಸಿನೀರು ಕುಡಿದಳು. ಇಂದು ಇನ್ನೊಂದು ಯೋಚನೆ ಬಂತು.

'ಆಕೀ ದನಿ ಹಾರ್ತೈತಿ. ನಂದು ಹರೀತೈತಿ. ಅದಕ್ಕ ಸರ ಅತ್ತ ಹೋದ್ರು.'

ಶರಣುವಿನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ಮೊಬೈಲನ್ನು ದಿಂಬಿನ ಕೆಳಗಿಟ್ಟಳು.

ಸಂಜೆ ಮುನಿಕೃಷ್ಣಮ್ಮ ಸೊಪ್ಪು ಸೋಸುತ್ತಾ ಹೇಳಿದಳು: "ಆ ಮೇಷ್ಟ್ರು ಗೇಟ್ ತಾವ ಬಂದು ನಿಂತ್ಕಂಡು ವಾಪಸ್ ಓದ್ರು. ಏನ್ ಜಗ್ಳ ಆಡಿದ್ಯಾ?"

"ಜಗಳ ಆಡಾಕ ನಾವೇನ್ ಗಂಡ ಹೆಂಡ್ತಿ ಏನ್ರಿ?"

"ಅಂಗಂತ ನಂಗೆ ಯೋಳ್ತೀಯಾ, ಸರಿ. ನಿನ್ ಮಕ ನೋಡಿದ್ರೆ ಗಂಡ ಬುಟ್ಟೋದೋಳ್ ತರ ಅದೆ!"

ಪ್ರತಿಭಾ ಒಂದು ಹಿಡಿ ಸೊಪ್ಪು ಎಳೆದುಕೊಂಡು ಸೋಸತೊಡಗಿದಳು. ದಂಟು ಬುಟ್ಟಿಗೆ ಬಿತ್ತು, ಎಲೆ ಕಸಕ್ಕೆ.

ಇವೆಲ್ಲದರ ನಡುವೆ ಹುಬ್ಬಳ್ಳಿ ಕಡೆಯಿಂದ ಅಪ್ಪಾಸಾಹೇಬರ ಫೋನು. ಅಲ್ಲಿ ಒಂದು ಹಳೆಯ ಸಂಗೀತ ಸಭೆ, ಅದರ ಕಾರ್ಯದರ್ಶಿ ಅವರು. ಮಾಘ ಮಾಸದ ಅವರ ಉತ್ಸವದಲ್ಲಿ ಬೆಳಗಿನ ಬೈಠಕ್ ಹಾಡುವುದೆಂದರೆ ದೊಡ್ಡ ಮರ್ಯಾದೆ. ನಿಂಗವ್ವ ಹಾಡಿದ್ದ ವೇದಿಕೆ. ಪ್ರತಿಭಾಳ ಹೆಸರು ಅಲ್ಲಿಯವರೆಗೆ ತಲುಪಲು ಇಷ್ಟು ವರ್ಷ ಬೇಕಾಗಿತ್ತು.

"ತಂಗೀ, ನಿನ್ನ ಪತ್ರ ಇನ್ನೂ ಬರಲಿಲ್ಲಲ್ಲ? ದೀಪಾವಳಿ ಹೋಗಿ ಎಷ್ಟ ದಿನ ಆತು!"

"ಕಳಸ್ತೀನ್ರಿ ಕಾಕಾ..."

"ನನಗ ಆ ಮೆಸೇಜು ಗಿಸೇಜು ಬ್ಯಾಡ. ಕೈಬರಹದಾಗ ಬರೀ. ಪಟ್ಟಿ ಯಾವುದು, ಪೇಟಿ ಯಾರು ನುಡಸ್ತಾರ. ಅಷ್ಟ ಎರಡ ಮಾತಿಗೆ ಇಷ್ಟ ದಿನ ಬೇಕೇನವ್ವಾ? ಪತ್ರಿಕಿ ಅಚ್ಚಿಗೆ ಕೊಡಬೇಕು. ಈ ವಾರ ಬರಲಿಲ್ಲಂದ್ರ ನಾ ಬ್ಯಾರೇದವ್ರಿಗೆ ಹೇಳಬೇಕಾಗ್ತದ ನೋಡು."

ಎರಡೇ ಮಾತು. ಮೊದಲಾದರೆ ಕಣ್ಣು ಮುಚ್ಚಿ ಬರೆಯುತ್ತಿದ್ದಳು. ದೀಪಾವಳಿಗೂ ಮುಂಚೆ ಬರೆಯಲು ಕುಳಿತಿದ್ದಳು. ಮೇಲಿನ ಷಡ್ಜ ಆ ವೇದಿಕೆಯ ಮೇಲೆ ಹರಿದರೆ ಎಂಬ ಭಯಕ್ಕೆ ಕೈ ನಿಂತಿತ್ತು. ಈಗ ಎರಡನೆಯ ಮಾತೂ ನಿಂತುಹೋಯಿತು. ಪೇಟಿ ಯಾರು?

ಅಂದು ಹಟ ಹಿಡಿದು ಬರೆದೇಬಿಟ್ಟಳು. ಪಟ್ಟಿ: ಕರಿ ಐದು. ಪೇಟಿ: ಪುನೀತ್. ಈ ಪುನೀತ್ ಜಾಲಹಳ್ಳಿಯ ಒಬ್ಬ ಹೊಸ ಹುಡುಗ, ಬೆರಳು ಕುದುರೆಯ ಹಾಗೆ ಓಡುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವಾಗಲೂ ನಿಲ್ಲುವುದಿಲ್ಲ.

'ಇರ್ಲಿ. ಓಡ್ಲಿ.'

ಲಕೋಟೆ ಅಂಟಿಸಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಯಲಹಂಕದಲ್ಲಿ ಅಂಚೆ ಡಬ್ಬಿ ಇಲ್ಲವೇ? ಇದೆ. ಅದರ ಮುಂದೆಯೇ ನಡೆದು ಹೋದಳು. ಬಂದು ನಿಂತ ಯಶವಂತಪುರದ ಬಸ್ಸು ಹತ್ತಿದಳು. ಯಾಕೆ ಎಂದು ಯಾರಾದರೂ ಕೇಳಿದ್ದರೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಚೆನ್ನಾಗಿರುತ್ತದೆ ಎನ್ನುತ್ತಿದ್ದಳೇನೋ. ನಿಜವೆಂದರೆ, ಅವನು ಅಲ್ಲಿಯೇ ಕೂತಿರುತ್ತಾನೆಯೇ, ಅವಳ ಜೊತೆ ನಗುತ್ತಿರುತ್ತಾನೆಯೇ ಎಂದು ಕಣ್ಣಾರೆ ನೋಡಬೇಕಿತ್ತು. ನೋಡಿ ಸುಟ್ಟುಕೊಳ್ಳಬೇಕಿತ್ತು.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು ಅಂಗಡಿ. ಶರಣು ಇರಲಿಲ್ಲ. ಮೂಲೆಯಲ್ಲಿ ಖಾದರ್ ಬಾಷಾ ಬೀಟೆಯ ಹಲಗೆಯೊಂದನ್ನು ಉಜ್ಜುತ್ತಿದ್ದರು. ತರನ್ನುಮ್ ಮುಂದೆ ಪೇಟಿ ಹೊಟ್ಟೆ ತೆರೆದುಕೊಂಡು ಕೂತಿತ್ತು. ಹಿತ್ತಾಳೆಯ ರೀಡುಗಳು ಸಾಲಾಗಿ ಹೊಳೆಯುತ್ತಿದ್ದವು. ಕೆಂಪು ಗವಸು ಮಡಿಚಿ ಪಕ್ಕಕ್ಕಿಟ್ಟಿತ್ತು.

"ಅರೆ ಮೇಡಂ! ಬನ್ನಿ ಬನ್ನಿ! ಅಬ್ಬು, ಯಾರ್ ಬಂದಿದಾರೆ ನೋಡು!"

ಖಾದರ್ ಬಾಷಾ ಕೈಯೊರೆಸಿಕೊಂಡು ಎದ್ದು ಸ್ಟೂಲು ಕೊಟ್ಟರು. ಅವರ ಕಣ್ಣಲ್ಲಿದ್ದ ಭಕ್ತಿ ನೋಡಿ ಪ್ರತಿಭಾಳಿಗೆ ತನ್ನ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಆತೇನು ನಿನ್ನ ಪೇಟಿ?" ಎಂದು ತರನ್ನುಮ್‌ಳನ್ನು ಕೇಳಿದಳು.

"ನಂದಾ?" ಹುಡುಗಿ ಕಣ್ಣರಳಿಸಿದಳು. ಏನೋ ಹೇಳಹೋಗಿ ತುಟಿ ಕಚ್ಚಿಕೊಂಡಳು. "ಶರಣು ಸರ್ ನಂಗೆ ಬಾಯ್ಬಿಡ್ಬೇಡ ಅಂದಿದಾರೆ. ಒಂದ್ ಗಾಂಧಾರ ಮಾತ್ರ ಉಳ್ಕೊಂಡಿದೆ ಮೇಡಂ. ನಾನ್ ಎಷ್ಟ್ ಸಲ ಇಟ್ರೂ 'ಇದಲ್ಲ, ಇದಲ್ಲ' ಅಂತಾರೆ."

"ಅಲ್ಲ ಅನ್ನದ ಇನ್ನೇನ ಅಂತಾರ? ನೀ ಗಾಂಧಾರ ಮ್ಯಾಲಿಡ್ತಿ."

"ಹೌದಾ?"

"ಹೌದಾ ಅಂತ ನನ್ನ ಕೇಳ್ತಿ? ನಿನ್ನ ಕಿವೀನ ಕೇಳು!" ಒಳಗೆ ಕುದಿಯುತ್ತಿದ್ದುದೆಲ್ಲ ಈಗ ದಾರಿ ಸಿಕ್ಕ ಹಾಗೆ ಹೊರಬಂತು. "ಎಳಿ ಮುಂದ ಆ ಪೇಟಿ. ಒತ್ತು ಷಡ್ಜ. ನಿನ್ನ ಕರಿ ನಾಲ್ಕರಾಗ ಗಾಂಧಾರ ಹೆಂಗ ಇಡಬೇಕಂತ ತೋರಸ್ತೀನಿ!"

ಅವಳದೇ ಪಟ್ಟಿಯಲ್ಲಿ, ಅವಳದೇ ಅಂಗಡಿಯಲ್ಲಿ ಅವಳನ್ನು ಸೋಲಿಸಬೇಕು... ಆ ಕ್ಷಣ ಪ್ರತಿಭಾಳಿಗೆ ಇದ್ದದ್ದು ಅದೊಂದೇ ಹಟ.

ತರನ್ನುಮ್ ತಿದಿ ಒತ್ತಿದಳು. ಕರಿ ನಾಲ್ಕು ನುಡಿಯಿತು.

ಪ್ರತಿಭಾ ಷಡ್ಜ ಹಿಡಿದಳು.

ಗಂಟಲು ಬಿಗಿಯಲಿಲ್ಲ.

ರಿಷಭ... ಗಾಂಧಾರ... ಅಲ್ಲಿ ನಿಂತಳು. ಬೇಕೆಂದೇ ನಿಂತಳು, ತೋರಿಸಬೇಕಿತ್ತಲ್ಲ! ಆದರೆ ನಿಂತವಳಿಗೆ ಮುಂದೆ ಹೋಗಲು ಮನಸ್ಸೇ ಬರಲಿಲ್ಲ. ಆ ಗಾಂಧಾರದಲ್ಲಿ ಅಷ್ಟು ಜಾಗವಿತ್ತು. ಎಷ್ಟು ದಿನವಾಗಿತ್ತು ಒಂದು ಸ್ವರದ ಮೇಲೆ ಹೀಗೆ ಭಯವಿಲ್ಲದೆ ಕೂತು! ಪಂಚಮಕ್ಕೆ ಹೋದಳು, ಧೈವತಕ್ಕೆ ಹೋದಳು. ಮೇಲಿನ ಷಡ್ಜ ಹತ್ತಿರ ಬಂದಾಗ ಅಭ್ಯಾಸದಂತೆ ಅಂಜಿದಳು. ಈಗ ಹರಿಯುತ್ತದೆ, ಈಗ...

ಹರಿಯಲಿಲ್ಲ!

ದನಿ ಮೇಲೆ ಹೋಗಿ ನೆಟ್ಟಗೆ ನಿಂತಿತು. ನಿಂಗವ್ವನ ಮನೆಯ ಪಡಸಾಲೆಯಲ್ಲಿ ನಿಲ್ಲುತ್ತಿತ್ತಲ್ಲ, ಹಾಗೆ.

ಖಾದರ್ ಬಾಷಾರ ಕೈಯ ಉಜ್ಜುಗಾಗದ ನಿಂತುಹೋಗಿತ್ತು. ತರನ್ನುಮ್ ಒಂದು ಕೈಯಲ್ಲಿ ತಿದಿ ಒತ್ತುತ್ತಾ ಇನ್ನೊಂದು ಕೈಯನ್ನು ಗಾಳಿಯಲ್ಲೇ ಹಿಡಿದು ಪಿಸುಗುಟ್ಟಿದಳು. "ಬಿಡ್ಬೇಡಿ ಮೇಡಂ... ಮತ್ತೆ ಗಾಂಧಾರಕ್ಕೆ ಬನ್ನಿ... ಅದೇ, ಅದೇ!" ತಿದಿ ನಿಲ್ಲಿಸಿ, ಕಿವಿಯಲ್ಲಿ ಇನ್ನೂ ಆ ಸ್ವರ ಇರುವಾಗಲೇ ರೀಡಿನ ಮೇಲೆ ಅರ ಇಟ್ಟು ನಯವಾಗಿ ಉಜ್ಜಿದಳು. ಮತ್ತೆ ಒತ್ತಿದಳು.

ಪೇಟಿ ಪ್ರತಿಭಾಳ ಗಾಂಧಾರ ಹೇಳಿತು. ತರನ್ನುಮ್‌ಳದಲ್ಲ. ಅವಳದು.

"ಆಯ್ತು!" ಎಂದಳು ಹುಡುಗಿ, ಬೆವರೊರೆಸಿಕೊಂಡು. "ನೋಡಿ, ಈಗ ಇದು ನಂಗೆ ಬರಲ್ಲ. ನಂದು ಮೇಲಿದೆ ಅಂತ ನೀವೇ ಅಂದ್ರಲ್ಲ. ಹಾಡೋರ ಗಾಂಧಾರ ಕೇಳ್ದೆ ಕಟ್ಟೋಕಾಗಲ್ಲ ಮೇಡಂ. ಅದಕ್ಕೇ ಅವತ್ತು ಮನೆಗ್ ಬಂದಿದ್ದು. ನೀವು ಹಾಡ್ಲೇ ಇಲ್ಲ."

ಪ್ರತಿಭಾ ಪೇಟಿಯನ್ನೇ ನೋಡುತ್ತಾ ಕೂತಳು. ಒಂದೊಂದೇ ತಿಳಿಯತೊಡಗಿತು. ಅವತ್ತು ಕಣ್ಣು ತಪ್ಪಿಸಿದ್ದು. 'ಒಂದ ಸಲ ಹಾಡಿ ನೋಡಿದ್ರ' ಎಂದದ್ದು. ಕಣ್ಣು ಮುಚ್ಚಿ ಪೇಟಿಯ ಗಾಂಧಾರಕ್ಕೇ ಉಸಿರು ಹಿಡಿದದ್ದು. ಸಾಥ್ ಕೊಡುವವನು ಗಾಯಕಿಯ ಗಂಟಲನ್ನು ಅವಳಿಗಿಂತ ಮೊದಲೇ ಕೇಳಿಸಿಕೊಂಡಿದ್ದ.

ಬಾಗಿಲಲ್ಲಿ ನೆರಳು ಬಿತ್ತು. ಶರಣು ಶಾಲೆ ಮುಗಿಸಿ ಬಂದಿದ್ದ. ಯಾವಾಗ ಬಂದನೋ, ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೇ ನಿಂತಿದ್ದ. ಕಣ್ಣು ಒದ್ದೆಯಾಗಿತ್ತು.

"ಅಬ್ಬು, ಚಾಯ್ ಕುಡಿಯೋಣ ಬಾ," ಎಂದಳು ತರನ್ನುಮ್.

"ಈಗ್ತಾನೆ ಕುಡಿದ್ನಲ್ಲ ಬೇಟಾ."

"ಇನ್ನೊಂದ್ ಕುಡಿ!" ಅಪ್ಪನ ತೋಳು ಹಿಡಿದು ಎಳೆದುಕೊಂಡೇ ಹೋದಳು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಹೊರಗೆ ಲಾರಿಗಳ ಹಾರ್ನು, ಹೂವಿನವರ ಕೂಗು.

"ಯಾವಾಗಿಂದ ಗೊತ್ತು ನಿಮಗ?" ಎಂದಳು ಪ್ರತಿಭಾ.

"ಹ್ವಾದ ಯುಗಾದಿ ಕಛೇರಿಯಿಂದ."

"ಹೇಳಲಿಲ್ಲ?"

"ಹೆಂಗ ಹೇಳ್ಲಿ ರೀ? ನಿಂಗವ್ವ ತಾಯಿ ಕೊಟ್ಟ ಪಟ್ಟಿ. ಇಳಸ್ರಿ ಅಂದ್ರ ನೀವು ಹಾಡೋದ ಬಿಟ್ಟುಬಿಡ್ತೀರಿ ಅಂತ ಅಂಜಿಕಿ. ಪೇಟಿ ಮುಂದ ಇಟ್ಟು ಒಂದ ಸಲ ಹಾಡಿಸಿದ್ರ ನಿಮಗ ತಿಳೀತದ ಅನ್ಕೊಂಡೆ."

"ತಪ್ಪು ಮಾಡಿದ್ರಿ," ಎಂದಳು. "ನನ್ನ ಗಂಟಲಿನ ಬಗ್ಗೆ ನನ್ನ ಬಿಟ್ಟು ಉಳಿದವ್ರೆಲ್ಲಾ ಸೇರಿ ಮಾತಾಡಿದ್ರಿ! ನಾ ಏನ್ ಗಾಜಿನ ಬಳಿ ಏನ್ರಿ, ಮುಟ್ಟಿದ್ರ ಒಡ್ಯಾಕ?"

"ತಪ್ಪಾತು. ನಿಮಗ ಮೊದಲ ಹೇಳಬೇಕಿತ್ತು." ಅವನು ಇನ್ನೇನೂ ಸಮಜಾಯಿಷಿ ಕೊಡಲಿಲ್ಲ. ಅದೇ ಅವಳ ಸಿಟ್ಟಿನ ಅರ್ಧ ಇಳಿಸಿತು.

"ನಾನೂ ಒಂದ ಹೇಳ್ಲಾ?" ತಲೆ ತಗ್ಗಿಸಿ ಅಂದಳು. "ಆ ಹುಡುಗಿ ಮ್ಯಾಲ ಎಷ್ಟ ಹೊಟ್ಟಿ ಉರಕೊಂಡೆ ಗೊತ್ತೈತೇನು? ಆಕೀ ವಿಡಿಯೋದಾಗ ನಿಮ್ಮ ಕಿರುಬೆರಳು ನೋಡಿ ಊಟ ಬಿಟ್ಟೆ."

ಶರಣು ದಿಗಿಲುಬಿದ್ದು ತನ್ನ ಕಿರುಬೆರಳನ್ನು ನೋಡಿಕೊಂಡ. "ಅದು ಪೇಟಿ ಪರೀಕ್ಷಾ ಮಾಡೋವಾಗ ತಗದದ್ದು ರೀ!"

ಅವಳಿಗೆ ನಗು ಬಂತು. ಅಳುವೂ ಬಂತು.

"ನನಗೂ ಹೊಟ್ಟಿಕಿಚ್ಚು ಅದ ಪ್ರತಿಭಾ," ಎಂದ ಅವನು ಮೆಲ್ಲಗೆ. "ಕರಿ ಐದರ ಮ್ಯಾಲ. ಇಷ್ಟ ವರ್ಷ ನಿಮ್ಮ ಮೈ ಮನಸೆಲ್ಲಾ ಅದಕ್ಕ ಕೊಟ್ರಿ. ನಾ ಎಡಕ್ಕ ಕೂತು ನೋಡಿದೆ."

ಪ್ರತಿಭಾಳ ಕಣ್ಣೀರು ಕೆನ್ನೆಗಿಳಿಯಿತು. ಒರೆಸಿಕೊಳ್ಳಲಿಲ್ಲ.

'ಅವ್ವಾ, ನೀ ಕೊಟ್ಟದ್ದು ಬರೇ ಪಟ್ಟಿ ಏನು? ಹಾಡು ಅಲ್ಲೇನು? ಹಾಡು ಉಳಿಸ್ಕೋತೀನಿ ಬಿಡು...'

"ಹೆಂಡ್ತಿ ಎಡಕ್ಕ ಕೂಡಬೇಕಂತಾರ," ಎಂದಳು ಮೂಗೊರೆಸಿಕೊಳ್ಳುತ್ತಾ. "ನಮ್ಮಲ್ಲಿ ನೀವ ಕೂತೀರಿ."

ಅವನು ಅವಳ ಮುಖವನ್ನೇ ನೋಡಿದ. ಎಷ್ಟೋ ವರ್ಷಗಳ ಮಾತು ಗಂಟಲಿಗೆ ಬಂದು, ಕೊನೆಗೆ ಹೊರಬಂದದ್ದು ಇಷ್ಟು: "ಜಾಗಾ ಬದಲು ಮಾಡೋ ವಿಚಾರ ಅದ ಏನು?"

"ಸ್ಟೇಜ್ ಮ್ಯಾಲ ಬ್ಯಾಡ. ಉಳಿದ ಕಡೆ ನೋಡೂಣು."

ಪೇಟಿಗೆ ಗವಸು ತೊಡಿಸಿ, ಚಹಾ ಕುಡಿದು ಕುಡಿದು ಸುಸ್ತಾಗಿದ್ದ ಖಾದರ್ ಬಾಷಾರಿಗೆ ಕೈಮುಗಿದು, ತರನ್ನುಮ್‌ಳ ತಲೆಯ ಮೇಲೆ ಕೈಯಿಟ್ಟು ಪ್ರತಿಭಾ ಹೇಳಿದಳು. "ಗಾಂಧಾರ ಕಲಿಬೇಕಂದ್ರ ಭಾನುವಾರ ಮನಿಗೆ ಬಾ. ಬೈತೀನಿ, ತಯಾರಿ ಇರು."

"ಇವತ್ತಿಗಿಂತ ಜಾಸ್ತಿ ಬೈಯೋಕಾಗುತ್ತಾ ಮೇಡಂ?" ಎಂದು ಹುಡುಗಿ ಕಿಲಕಿಲ ನಕ್ಕಳು.

ಇಬ್ಬರೂ ಅಂಚೆ ಕಚೇರಿ ತಲುಪಿದಾಗ ಅದು ಮುಚ್ಚುವ ಹೊತ್ತಾಗಿತ್ತು. ಚೀಲದಲ್ಲಿದ್ದ ಪತ್ರವನ್ನು ಪ್ರತಿಭಾ ಅವನ ಎದುರೇ ಹರಿದು ಹಾಕಿದಳು.

"ಪೇಟಿ ಯಾರಂತ ಬರದಿದ್ರಿ ಅದರಾಗ?" ಎಂದ ಶರಣು.

"ಪುನೀತ್."

"ಅಂವಾ?! ನಿಮಗ ಉಸಿರ ತಗೊಳ್ಳಾಕ ಬಿಡ್ತಿದ್ದನೇನು?" ಅವನ ಮುಖದಲ್ಲಿ ಅಸೂಯೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರತಿಭಾಳಿಗೆ ಹೊಟ್ಟೆ ತುಂಬಿದಂತಾಯಿತು.

ಹೊಸ ಹಾಳೆ ತೆಗೆದಳು. ದಾರ ಕಟ್ಟಿದ ಪೆನ್ನು ಹಿಡಿದು ಕಟ್ಟೆಯ ಮೇಲೆ ಬರೆಯತೊಡಗಿದಳು. ಅಪ್ಪಾಸಾಹೇಬ ಕಾಕಾ ಅವರಿಗೆ ನಮಸ್ಕಾರಗಳು. ಪಟ್ಟಿ: ಕರಿ... ಪೆನ್ನು ಅಲ್ಲಿ ನಿಂತಿತು. ಶರಣು ಬೇರೆ ಕಡೆ ನೋಡಲಿಲ್ಲ. ಜೊತೆಗೇ ನಿಂತ.

'ನಾಲ್ಕು' ಎಂದು ಬರೆದಳು.

ಪೇಟಿ: ಶರಣು ಹೂಗಾರ.

ಅದರ ಕೆಳಗೆ, ಯಾರೂ ಕೇಳದ ಇನ್ನೊಂದು ಸಾಲು: 'ಉಳಿದುಕೊಳ್ಳಲು ನಮ್ಮಿಬ್ಬರಿಗೂ ಸೇರಿ ಒಂದೇ ಕೋಣೆ ಸಾಕು.'

ಶರಣು ಓದಿದ, ಮತ್ತೊಮ್ಮೆ ಓದಿದ. ಕಿವಿಯ ತುದಿಯವರೆಗೆ ಕೆಂಪಾದ.

"ಇದೇನ್ರಿ ಇದು? ಅಪ್ಪಾಸಾಹೇಬ್ರು ಹಳೇ ಮಂದಿ. ಏನ ತಿಳ್ಕೋತಾರ?"

"ಕಛೇರಿ ಇರೂದು ಮಾಘದಾಗ. ಅದಕ್ಕಿಂತ ಮೊದಲ ಲಗ್ನ ಆಗಾಕ ನಿಮಗ ಪುರಸೊತ್ತಿಲ್ಲ ಅಂದ್ರ ಹೇಳ್ರಿ. ಆ ಸಾಲು ಹೊಡದ ಹಾಕ್ತೀನಿ."

"ಪೆನ್ನ ಕೊಡ್ರಿ ಇಲ್ಲೆ."

ಪ್ರತಿಭಾ ಪೆನ್ನು ಕೊಟ್ಟಳು. 'ಹೊಡದ ಹಾಕ್ತಾರೇನು?'

ಅವನು ಬಗ್ಗಿ, ಅವಳ ಸಾಲಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದ: 'ಕೆಳಗಿನ ಅಂತಸ್ತಿನಲ್ಲಿ ಇರಲಿ.'

"ಪೇಟಿ ಭಾರ ಅದ," ಎಂದ ಗಂಭೀರವಾಗಿ. "ಮೆಟ್ಟಲಾ ಏರೋವಾಗ ಒಂದ ಕೈಯಾಗ ಪೇಟಿ, ಒಂದ ಕೈಯಾಗ ನಿಮ್ಮನ್ನ ಹಿಡ್ಕೊಳ್ಳಾಕ ಆಗೂದಿಲ್ಲ ನನಗ."

ಪ್ರತಿಭಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಲಕೋಟೆಗೆ ಗೋಂದು ಹಚ್ಚಿ, ವಿಳಾಸ ಬರೆದು, ಹೊರಗಿನ ಕೆಂಪು ಡಬ್ಬಿಯ ಬಾಯಿಗೆ ತಂದು ಹಿಡಿದಳು.

"ಹಾಕ್ಲಾ? ಒಮ್ಮಿ ಹಾಕಿದ್ರ ತಿರುಗಿ ತಗ್ಯಾಕ ಬರೂದಿಲ್ಲ."

"ಹಾಕು ಪ್ರತಿಭಾ," ಎಂದ ಶರಣು.

'ರೀ' ಇಲ್ಲದ ಆ ಮಾತನ್ನು ಒಂದು ಗಳಿಗೆ ಕೇಳಿಸಿಕೊಂಡು, ಅವಳು ಬೆರಳು ಸಡಿಲಿಸಿದಳು. ಪತ್ರ ಒಳಗೆ ಬಿತ್ತು.